ಬದಲಿ ವೇಷ

ಪತ್ರಿಕೆಯ ಮಕ್ಕಳ ಪುಟಕ್ಕೆ ಇನ್ನೊಬ್ಬರು ಬರೆಯುತ್ತಿದ್ದ ಚಿತ್ರಕಥೆಯನ್ನು ಮುಂದುವರಿಸಲು ಒಪ್ಪಿಕೊಳ್ಳುವುದು ಫೋನಿನಲ್ಲೇ ಮುಗಿದುಹೋಗುತ್ತದೆ. ಏನನ್ನು ಒಪ್ಪಿಕೊಂಡೆವು ಎಂಬುದು ಹಳೆಯ ಸಂಚಿಕೆಗಳ ಕಟ್ಟು ಬಿಚ್ಚಿದ ಮೇಲೆ ಗೊತ್ತಾಗುತ್ತದೆ.

*

ಟಿಪ್ಪಣಿ ಬಿಟ್ಟುಹೋಗಲಿಲ್ಲ ಎಂದು ಹಿಂದಿನವರನ್ನು ದೂರುವವರಿದ್ದಾರೆ. ವಾರವಾರ ಬರೆಯುವವರ ಹತ್ತಿರ ಬಚ್ಚಿಡುವುದಕ್ಕಾದರೂ ಏನಿರುತ್ತದೆ? ಮುಂದಿನ ಕಂತಿನ ಕೊನೆಯ ಚೌಕದಲ್ಲಿ ಏನಾಗುತ್ತದೆಂದು ಅವರಿಗೂ ಬರೆಯಲು ಕೂತ ಮೇಲೆಯೇ ತಿಳಿಯುತ್ತಿತ್ತು.

*

ಏನೂ ಹೇಳದಿರುವುದಕ್ಕಿಂತ ಅರ್ಧಂಬರ್ಧ ಹೇಳುವುದೇ ಹೆಚ್ಚು ಅಪಾಯ. “ಹುಡುಗ ತಂಟೆಕೋರ, ಅಜ್ಜ ಸಾಧು” ಎಂದು ಒಂದು ಸಾಲು ಕಿವಿಗೆ ಹಾಕಿದರೆ ಹೊಸಬ ಆ ಸಾಲನ್ನೇ ಬರೆಯುತ್ತ ಕೂರುತ್ತಾನೆ. ಸಂಚಿಕೆ ತೆಗೆದು ನೋಡಿದರೆ ತಂಟೆ ಮಾಡಿದ್ದೆಲ್ಲ ಅಜ್ಜ. ಬೈಸಿಕೊಂಡದ್ದು ಮಾತ್ರ ಹುಡುಗ.

*

ಘಟ್ಟದ ಮೇಲಿನ ಈ ಊರುಗಳಲ್ಲಿ, ತ್ಯಾಗಲಿ, ನಾಣಿಕಟ್ಟಾ, ಸಿದ್ದಾಪುರದ ಆಚೀಚೆ ಬೆಳೆದವರಿಗೆ ತಯಾರಿಯಿಲ್ಲದೆ ಪಾತ್ರ ವಹಿಸುವುದು ಹೊಸ ಸಂಗತಿಯಲ್ಲ. ತಾಳಮದ್ದಳೆಯಲ್ಲಿ ಬರೆದಿಟ್ಟ ಮಾತು ಎಂಬುದಿಲ್ಲ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ. ಭಾಗವತರು ಹಾಡಿಬಿಟ್ಟ ಮೇಲೆ ಅರ್ಥ ಹೇಳುವವನದೇ ಹೊಣೆ. ಬರಬೇಕಾದವರ ಬಸ್ಸು ತಪ್ಪಿತೆಂದು ಗೊತ್ತಾದರೆ ಜಗುಲಿಯ ಮೇಲೆ ಕವಳ ಹಾಕುತ್ತ ಕೂತಿದ್ದವರ ಕಡೆಗೆ ತಿರುಗಿ, “ಹೆಗಡೇರೇ, ಇವತ್ತು ವಿದುರ ನೀವೇ ಆಗ್ಬುಡಿ” ಎನ್ನುತ್ತಾರೆ. ಹೆಗಡೇರು ಆಗ ‘ನಾನು ಏನು ಹೇಳಲಿ’ ಎಂದು ಕೇಳುವುದಿಲ್ಲ. ಯಾವ ಪದ್ಯದಿಂದ, ಎಲ್ಲಿಯವರೆಗೆ, ಎದುರಿಗೆ ಯಾರು: ಇಷ್ಟು ಕೇಳಿ, ಕವಳ ಉಗುಳಿ, ಶಲ್ಯ ಸರಿಮಾಡಿಕೊಂಡು ಬಂದು ಕೂರುತ್ತಾರೆ.

ಸರಣಿಯ ನಡುವೆ ಬಂದು ಸೇರಿದವನೂ ಸಂಪಾದಕರಿಗೆ ಇಷ್ಟನ್ನೇ ಕೇಳಿದರೆ ಸಾಕು. ಹೆಚ್ಚು ಕೇಳಿದರೆ ಹೆಚ್ಚು ಹೇಳುತ್ತಾರೆ. ಹೇಳಿದ ಮೇಲೆ ಅದರಂತೆ ನಡೆಯಬೇಕಾಗುತ್ತದೆ.

*

ಎದುರಿಗೆ ಯಾರು ಎಂಬ ಪ್ರಶ್ನೆಯೇ ಅವುಗಳಲ್ಲಿ ದೊಡ್ಡದು. ಕೃಷ್ಣ ಯಾರೆಂದು ತಿಳಿಯದೆ ವಿದುರನಾಗಲು ಬರುವುದಿಲ್ಲ. ಚಿತ್ರಕಥೆಯಲ್ಲಿ ಬರೆಯುವವನ ಎದುರಿಗಿರುವುದು ಚಿತ್ರಕಾರ.

*

ಬರೆಯುವವರು ಬದಲಾದರೂ ಚಿತ್ರಕಾರರು ಉಳಿದಿದ್ದರೆ ಸರಣಿ ಮುಕ್ಕಾಲು ಪಾಲು ಉಳಿದ ಹಾಗೆ. ಹುಡುಗ ಸುಳ್ಳು ಹೇಳುವಾಗ ಅವನ ಒಂದು ಚಪ್ಪಲಿ ಕಳಚಿರುತ್ತದೆ ಎಂಬುದನ್ನು ಯಾವ ಟಿಪ್ಪಣಿಯೂ ಹೇಳುವುದಿಲ್ಲ. ಅದು ಚಿತ್ರಕಾರರ ಕೈಗೆ ಮಾತ್ರ ಗೊತ್ತು. ಕೇಳಿದರೆ ಅವರೂ, “ಹೌದಾ? ಕಳಚಿರ್ತದಾ?” ಎನ್ನುತ್ತಾರೆ.

*

ಬರೆಯದೆ ಉಳಿದ ನಿಯಮಗಳೇ ಸರಣಿಯನ್ನು ಹಿಡಿದಿಡುವುದು. ‘ಟಿಂಕಲ್’ನ ಶಿಕಾರಿ ಶಂಭುವಿನ ಟೋಪಿ ಕಣ್ಣು ಮುಚ್ಚುವಷ್ಟು ಕೆಳಗಿಳಿದಿರುತ್ತದೆ. ಲೂಯಿಸ್ ಫರ್ನಾಂಡಿಸ್ ಕಲ್ಪಿಸಿ ವಸಂತ ಹಲ್ಬೆ ಚಿತ್ರ ಬರೆದ ಆ ಹೆದರುಪುಕ್ಕಲ ಬೇಟೆಗಾರನನ್ನು ಹಲ್ಬೆಯವರ ನಂತರ ಕೈಗೆತ್ತಿಕೊಂಡವರು ಸ್ಯಾವಿಯೊ ಮಸ್ಕರೇನಸ್. ಕೈ ಬದಲಾಯಿತು, ಗೆರೆ ಬದಲಾಯಿತು, ಟೋಪಿ ಮೇಲೇರಲಿಲ್ಲ. ಕಣ್ಣು ಕಂಡುಬಿಟ್ಟರೆ ಅವನು ಹೆದರಿದ್ದಾನೋ ಇಲ್ಲವೋ ಎಂದು ನಮಗೆ ಗೊತ್ತಾಗಿಬಿಡುತ್ತದೆ, ಆಮೇಲೆ ನಗುವುದಕ್ಕೆ ಏನೂ ಉಳಿಯುವುದಿಲ್ಲ.

ಹೊಸದಾಗಿ ಬಂದವನು ಪಾತ್ರ ಏನೇನು ಮಾಡಿದೆ ಎಂದು ಪಟ್ಟಿ ಮಾಡುವುದಕ್ಕಿಂತ, ಇಷ್ಟು ವರ್ಷದಲ್ಲಿ ಏನೇನು ಮಾಡಿಲ್ಲ ಎಂದು ಪಟ್ಟಿ ಮಾಡುವುದು ಒಳ್ಳೆಯದು. ಎರಡನೆಯ ಪಟ್ಟಿ ಚಿಕ್ಕದು, ಆದರೆ ಕೈ ತಡೆಯುವುದು ಅದೇ.

*

‘ಟಿಂಕಲ್’ನದೇ ಸುಪ್ಪಾಂಡಿಯ ಚಿತ್ರ ಬರೆದ ರಾಮ್ ವಾಯೀರ್ಕರ್ 2003ರಲ್ಲಿ ತೀರಿಕೊಂಡ ಮೇಲೆ ಆ ಪೆದ್ದನನ್ನು ಮುಂದುವರಿಸಿದ್ದು ಮಗಳು ಅರ್ಚನಾ ಅಂಬೇರ್ಕರ್. ಅಪ್ಪ ಕೆಲಸ ಮಾಡುವುದನ್ನು ನೋಡುತ್ತ ಬೆಳೆದವರಿಗೆ ಯಾರೂ ಪ್ರತ್ಯೇಕವಾಗಿ ಏನನ್ನೂ ಹೇಳಿಕೊಡಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲೇ, ಕೆಳಗೆ ಹೊನ್ನಾವರದ ಕಡೆ, ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳ ಶಂಭು ಹೆಗಡೆ, ಶಿವಾನಂದ ಹೆಗಡೆ, ಶ್ರೀಧರ ಹೆಗಡೆ ಎಂದು ತಲೆಮಾರು ದಾಟುತ್ತ ಬಂದಿದೆ. ಅಲ್ಲೂ ಯಾರೋ ಒಬ್ಬರು ಒಂದು ದಿನ ಇದ್ದಕ್ಕಿದ್ದಂತೆ ಎಲ್ಲವನ್ನೂ ಹೊರಬೇಕಾದ ಗಳಿಗೆ ಬಂದಿರುತ್ತದೆ. ಮನೆಯಲ್ಲೇ ಕಲಿತದ್ದು ಎನ್ನುವುದು ಭಾರವನ್ನು ಕಡಿಮೆ ಮಾಡುವುದಿಲ್ಲ, ಗಾಬರಿಯನ್ನು ಕಡಿಮೆ ಮಾಡುತ್ತದೆ.

ಉಳಿದ ನಮ್ಮಂಥವರಿಗೆ ಎರಡೂ ಇವೆ.

*

ತೋಟ ಕೈಗೆ ಬಂದ ಮಗ ಮೊದಲನೇ ವರ್ಷ ಯಾವ ಮರವನ್ನೂ ಕಡಿಸಬಾರದು. ಒಂದು ಮಳೆಗಾಲ ಕಳೆಯಲಿ, ಬಸಿಗಾಲುವೆ ಎಲ್ಲೆಲ್ಲಿ ಹರಿಯುತ್ತದೆ ನೋಡಲಿ. ಸರಣಿಯಲ್ಲೂ ಬೇಡವೆಂದು ಕಾಣುವ ಪಾತ್ರವೊಂದು ಇರುತ್ತದೆ. ಪ್ರತಿ ಕಂತಿನಲ್ಲೂ ಸುಮ್ಮನೆ ಬಾಗಿಲಲ್ಲಿ ನಿಂತಿರುವ ಅತ್ತೆ. ಅವಳನ್ನು ತೆಗೆದರೆ ಮನೆಯೊಳಗೆ ನಡೆಯುವ ಜಗಳವನ್ನು ಕೇಳಿಸಿಕೊಳ್ಳುವವರೇ ಇಲ್ಲವಾಗುತ್ತಾರೆ.

*

ಕನ್ನಡದ ಕಾಮಿಕ್ಸ್ ಬರೆಯುವವನ ಕಷ್ಟ ಒತ್ತಕ್ಷರದಲ್ಲಿದೆ. ಇಂಗ್ಲಿಷಿನ ಬಲೂನಿನಲ್ಲಿ ಎಲ್ಲವೂ ದೊಡ್ಡಕ್ಷರ, ಒಂದೇ ಎತ್ತರ. ಸಾಲಿನ ಮೇಲೆ ಸಾಲು ಇಟ್ಟಿಗೆಯಂತೆ ಕೂರುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ದೀರ್ಘ. ‘ಸಿಕ್ಕಿಬಿದ್ದುಬಿಟ್ಟೆಯಲ್ಲೋ’ ಎಂಬ ಒಂದೇ ಪದ ಬಲೂನಿನ ಅಗಲವನ್ನೆಲ್ಲ ನುಂಗಿ, ಕೆಳಗಿನ ಸಾಲಿನ ಗುಡಿಸಿಗೆ ಒತ್ತು ತಗಲಿಸಿ ನಿಲ್ಲುತ್ತದೆ. ಸಾಲು ಬಿಡಿಸಿ ಬರೆದರೆ ಬಲೂನು ಉಬ್ಬಿ ಹುಡುಗನ ತಲೆ ಮರೆಯಾಗುತ್ತದೆ. ಬಿಗಿಯಾಗಿ ಬರೆದರೆ ಅಕ್ಷರ ಕಲಿಯುತ್ತಿರುವ ಮಗುವಿಗೆ ಓದಲಾಗುವುದಿಲ್ಲ, ಈ ಪುಟವಿರುವುದೇ ಆ ಮಗುವಿಗಾಗಿ.

ಹಿಂದಿನವರು ಇದಕ್ಕೆ ಕಂಡುಕೊಂಡ ದಾರಿ ಹಳೆಯ ಕಂತುಗಳನ್ನು ಹರಡಿಕೊಂಡು ಕೂತಾಗ ನಿಧಾನವಾಗಿ ಕಾಣುತ್ತದೆ. ಅವರ ಹುಡುಗ ಪೂರ್ತಿ ವಾಕ್ಯ ಆಡುವುದಿಲ್ಲ. ‘ಎಂತ?’, ‘ನಾನಲ್ಲ’, ‘ಅಜ್ಜ ನೋಡು’, ಇಷ್ಟೇ. ಹುಡುಗನ ಸ್ವಭಾವವೇ ಹಾಗೆ ಎಂದು ಓದುಗರು ನಂಬಿದ್ದಾರೆ. ಅದು ಸ್ವಭಾವವಲ್ಲ, ಜಾಗದ ಅಭಾವ; ಆದರೆ ಇಷ್ಟು ವರ್ಷದ ಮೇಲೆ ಅದೇ ಸ್ವಭಾವವಾಗಿದೆ. ಅವನ ಬಾಯಿಗೆ ಈಗ ಉದ್ದ ಮಾತು ಹಾಕಿದರೆ ಬೇರೆ ಹುಡುಗನೇ ಬಂದ ಹಾಗಾಗುತ್ತದೆ.

*

ಚಿತ್ರಕಾರರ ಫೋನು: “ಮಾರಾಯ್ರೇ, ಮಾತು ಕಡಿಮೆ ಮಾಡಿ. ನಾನು ಬರೆದ ಹಲಸಿನ ಮರ ಪೂರ್ತಿ ನಿಮ್ಮ ಅಕ್ಷರದ ಹಿಂದೆ ಹೋಯ್ತು.” ಯಾವ ವಿಮರ್ಶಕನೂ ಇಷ್ಟು ಚೊಕ್ಕವಾಗಿ ಹೇಳಿದ್ದಿಲ್ಲ.

*

ಚಿತ್ರಕಥೆಯ ಓದುಗರು ಪತ್ರಿಕೆಗೆ ಪತ್ರ ಬರೆಯುವುದು ಕಡಿಮೆ. ಹಳ್ಳಿಯಲ್ಲಿ ಅದರ ಅಗತ್ಯವೂ ಇಲ್ಲ. ಅಡಿಕೆ ಸುಲಿಯುವ ರಾತ್ರಿ ಮೆಟ್ಟುಗತ್ತಿಯ ಮೇಲಿಂದ ಕಣ್ಣೆತ್ತದೆ ಪಕ್ಕದ ಮನೆಯ ಅಜ್ಜಿ ಹೇಳಿಬಿಡುತ್ತಾರೆ: “ಆ ಮಾಣಿ ಈಗ ಭಾರೀ ಮಾತಾಡ್ತ ಅಲ್ದ ತಮಾ? ಮೊದ್ಲು ಹಿಂಗಿದ್ದಿದ್ನಿಲ್ಲೆ.” ಅಜ್ಜಿಗೆ ಬರೆಯುವವರು ಬದಲಾದದ್ದು ಗೊತ್ತಿಲ್ಲ. ಮಾಣಿ ಬದಲಾದದ್ದು ಗೊತ್ತಾಗಿದೆ.

*

ಹಸ್ತಾಂತರವನ್ನೇ ಕಥೆಯಾಗಿಸಿದ ಕಾಮಿಕ್ಸ್ ಎಂದರೆ ಫ್ಯಾಂಟಮ್. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಗಿ ಮುಂದೆ ಕನ್ನಡದಲ್ಲೂ ಬಂದದ್ದರಿಂದ ಒಂದು ಇಡೀ ಪೀಳಿಗೆ ಸಿರ್ಸಿ ಬಸ್ ನಿಲ್ದಾಣದಲ್ಲಿ ಕೂತು ತಲೆಬುರುಡೆ ಗುಹೆಯನ್ನು ಓದಿತು. 1536ರಲ್ಲಿ ಮೊದಲನೆಯವನು ಪ್ರತಿಜ್ಞೆ ಮಾಡಿದ. ಅಪ್ಪ ಸತ್ತರೆ ಮಗ ಅದೇ ಉಡುಪು ತೊಡುತ್ತಾನೆ. ನಾವು ಓದಿದವನು 21ನೆಯವನು. ಕಾಡಿನ ಜನಕ್ಕೆ ಅವನು ಸಾವಿಲ್ಲದವನು. ನನಗೆ ಆ ಗುಹೆಯಲ್ಲಿ ಹೊಟ್ಟೆಕಿಚ್ಚು ಹುಟ್ಟಿಸುವುದು ನಿಧಿಯಲ್ಲ, ದಪ್ಪದಪ್ಪ ಪುಸ್ತಕಗಳ ಆ ಸಾಲು. ಹಿಂದಿನ ಪ್ರತಿ ಫ್ಯಾಂಟಮ್ ತನ್ನ ಸಾಹಸವನ್ನು ಕೈಬರಹದಲ್ಲಿ ಬರೆದಿಟ್ಟಿದ್ದಾನೆ. ಹೊಸಬನಿಗೆ ಸಂಶಯ ಬಂದರೆ ಪುಟ ತಿರುವಿದರಾಯಿತು.

ಅದನ್ನೆಲ್ಲ ಕಲ್ಪಿಸಿದ ಲೀ ಫಾಕ್ 1936ರ ಫೆಬ್ರುವರಿಯಿಂದ 1999ರ ಮಾರ್ಚ್‌ನಲ್ಲಿ ಸಾಯುವವರೆಗೆ, ಅರವತ್ತಮೂರು ವರ್ಷ, ತಾನೇ ಬರೆದ. ನಡುವೆ ನಿಂತ ಕಥೆಯನ್ನು ಹೆಂಡತಿ ಎಲಿಜಬೆತ್ ಮುಗಿಸಬೇಕಾಯಿತು. ಆಮೇಲೆ ಟೋನಿ ಡಿಪಾಲ್ ಮೊದಲಾದವರ ಕೈಗೆ ಬಂತು. ನಾಯಕನಿಗೆ ಇಪ್ಪತ್ತು ತಲೆಮಾರಿನ ದಾಖಲೆ ಕೊಟ್ಟವನು ತನ್ನ ನಂತರ ಬರೆಯುವವನಿಗೆ ಬಿಟ್ಟದ್ದು ಅಚ್ಚಾದ ಪಟ್ಟಿಗಳನ್ನು. ಯೋಚಿಸಿ ನೋಡಿದರೆ ಅದೂ ದಾಖಲೆಯೇ. ಆದರೆ ಗುಹೆ ಇಲ್ಲ.

*

ಬಾಲ್ಯದಲ್ಲಿ ‘ಚಂದಮಾಮ’ದ ಬೇತಾಳ ಕಥೆ ಯಾರು ಬರೆಯುತ್ತಾರೆ ಎಂದು ಕೇಳಿದ ಮಗುವನ್ನು ನಾನು ಕಂಡಿಲ್ಲ. ಹಳೆಯ ಬೇತಾಳ ಪಂಚವಿಂಶತಿಯಲ್ಲಿ ಇರುವುದು ಇಪ್ಪತ್ತೈದು ಕಥೆ. ಪತ್ರಿಕೆ ತಿಂಗಳಿಗೊಂದು ಕೊಡುತ್ತ ಹೋದರೆ ಎರಡು ವರ್ಷ ದಾಟುವಷ್ಟರಲ್ಲಿ ಶವ ಖಾಲಿ. ಆಮೇಲೂ ದಶಕಗಟ್ಟಲೆ ವಿಕ್ರಮ ಮರ ಹತ್ತಿದ, ಹೆಣ ಇಳಿಸಿದ, ಮೌನ ಮುರಿದ. ಹೆಸರಿಲ್ಲದ ಯಾರು ಯಾರೋ ಹೊಸ ಕಥೆ ಕಟ್ಟಿ ಬೇತಾಳನ ಬಾಯಿಗೆ ಹಾಕಿದರು. ಮುಂದುವರಿಸುವ ಕಲೆಯಲ್ಲಿ ಅವರೇ ಗುರುಗಳು. ಹೆಸರು ಹೇಳಿ ನಮಸ್ಕರಿಸಲೂ ಬಾರದಂಥ ಗುರುಗಳು.

*

ಅಮರ ಚಿತ್ರ ಕಥೆಯ ಇಂಗ್ಲಿಷ್ ಸರಣಿಯಲ್ಲಿ ‘ಕೃಷ್ಣ’ನ ಸಂಖ್ಯೆ 11. ಮೊದಲಿನ ಹತ್ತು ಅಂಕಿಗಳು ಅದಕ್ಕೂ ಮೊದಲೇ ಕನ್ನಡದಲ್ಲಿ ಹೊರಬಂದಿದ್ದ ಪಾಶ್ಚಾತ್ಯ ಅದ್ಭುತ ಕಥೆಗಳ ಪಾಲಾಗಿದ್ದವು. ಆ ಸರಣಿಯನ್ನು ದೇಶಕ್ಕೆಲ್ಲ ಹಬ್ಬಿಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಸೊನ್ನೆಯಿಂದ ಶುರು ಮಾಡಿದರು ಎಂದು ನಾವು ಹೇಳುವ ಎಷ್ಟೋ ಕೆಲಸಗಳು ಹನ್ನೊಂದರಿಂದ ಶುರುವಾಗಿರುತ್ತವೆ.

*

ನಡುವೆ ಬಂದವನು ಮೊದಲ ಕಂತಿನಲ್ಲಿ ಸಾಲ ತೀರಿಸಬೇಕು, ಎರಡನೆಯದರಲ್ಲಿ ಬೇಕಾದರೆ ಮನೆ ಕಟ್ಟಲಿ. ಅಲನ್ ಮೂರ್ ಎಂಬ ಇಂಗ್ಲೆಂಡಿನ ಬರಹಗಾರನಿಗೆ ಅಮೆರಿಕದ ‘ಸ್ವಾಂಪ್ ಥಿಂಗ್’ ಸಿಕ್ಕಿದ್ದು 1984ರ ಆರಂಭದ ಸಂಚಿಕೆಗಳಲ್ಲಿ, 20ನೆಯದರಿಂದ. ಓದುಗರು ಕಡಿಮೆಯಾಗಿ ಸೊರಗಿದ್ದ ಸರಣಿ. ಆತ ಮೊದಲ ಸಂಚಿಕೆಯನ್ನು ಹಿಂದಿನವರು ಬಿಟ್ಟ ಎಳೆಗಳನ್ನು ಗಂಟು ಹಾಕುವುದಕ್ಕೇ ಇಟ್ಟ. ಮುಂದಿನ ಸಂಚಿಕೆಯಲ್ಲಿ, ಜೌಗಿನಲ್ಲಿ ಬಿದ್ದು ಸಸ್ಯವಾದ ಮನುಷ್ಯ ಎಂದು ಎಲ್ಲರೂ ತಿಳಿದಿದ್ದ ಪ್ರಾಣಿ ಮನುಷ್ಯನೇ ಅಲ್ಲ, ತಾನು ಮನುಷ್ಯನೆಂದು ಭ್ರಮಿಸಿದ ಸಸ್ಯ ಎಂದು ತೋರಿಸಿದ. ಹಿಂದಿನವರ ಒಂದು ಚೌಕವನ್ನೂ ಅವನು ಸುಳ್ಳು ಮಾಡಲಿಲ್ಲ. ಅವುಗಳನ್ನು ಬೇರೆ ರೀತಿ ಓದಿದ, ಅಷ್ಟೇ.

ಹೊಸತನ ತೋರಿಸುವ ಅವಸರದವರು ಸಾಮಾನ್ಯವಾಗಿ ಎರಡನೆಯ ಸಂಚಿಕೆಯನ್ನು ಮೊದಲು ಬರೆಯುತ್ತಾರೆ.

*

ಆಸ್ಟರಿಕ್ಸ್ ಬರೆಯುತ್ತಿದ್ದ ಗೊಸಿನ್ನಿ 1977ರ ನವೆಂಬರಿನಲ್ಲಿ ಹಠಾತ್ತನೆ ತೀರಿಕೊಂಡಾಗ ಬೆಲ್ಜಿಯಮ್ಮಿನ ಕಥೆಯ ಚಿತ್ರಗಳು ಇನ್ನೂ ನಡೆಯುತ್ತಿದ್ದವು. ಚಿತ್ರಕಾರ ಯುಡೆರ್ಜೊ ಅಲ್ಲಿಂದ ಮುಂದಿನ ಪುಟಗಳಲ್ಲಿ ಆಕಾಶಕ್ಕೆಲ್ಲ ಮೋಡ ಕವಿಸಿ ಮಳೆ ಸುರಿಸಿದ. ಕಥೆಗೆ ಮಳೆ ಬೇಕಿರಲಿಲ್ಲ. ಆಮೇಲೆ ಬರೆಯುವುದನ್ನೂ ತಾನೇ ವಹಿಸಿಕೊಂಡ. ಆ ಮುಂದಿನ ಪುಸ್ತಕಗಳ ಬಗ್ಗೆ ಗೊಣಗುವವರು ಬಹಳ. ನಾನೂ ಅವರಲ್ಲಿ ಒಬ್ಬ. ಮಳೆಯ ಆ ಪುಟಗಳ ಬಗ್ಗೆ ಮಾತ್ರ ಗೊಣಗಿದವರನ್ನು ಕಾಣೆ.

*

ಕೊಡದೆ ಹೋಗುವುದೂ ಒಂದು ಹಕ್ಕು. ತನ್ನ ನಂತರ ಟಿಂಟಿನ್ ಬೇಡವೆಂದ ಎರ್ಜೆ. 1983ರಲ್ಲಿ ಅವನೊಂದಿಗೇ ಟಿಂಟಿನ್ನೂ ನಿಂತ. ಮುಗಿಯದ ಕೊನೆಯ ಸಾಹಸ ಕರಡು ಗೀಟುಗಳಲ್ಲೇ ಪುಸ್ತಕವಾಯಿತು. ನಿರ್ಧಾರದಲ್ಲಿ ತಪ್ಪಿಲ್ಲ. ಆದರೆ ಕಥೆ ಅರ್ಧದಲ್ಲಿರುವಾಗ ಮಗುವಿಗೆ ಹಕ್ಕಿನ ಮಾತು ತಿಳಿಸಿ ಹೇಳುವವರು ಯಾರು?

*

ಕರ್ನಾಟಕದಲ್ಲಿ ಈ ಕೆಲಸ ಹಳೆಯದು. ರಾಷ್ಟ್ರಕೂಟರ ಕಾಲದಲ್ಲಿ ಗುರು ವೀರಸೇನರು ಜಯಧವಲಾ ಟೀಕೆಯನ್ನು ಇಪ್ಪತ್ತು ಸಾವಿರ ಶ್ಲೋಕದಷ್ಟಕ್ಕೆ ಬಿಟ್ಟು ತೀರಿಕೊಂಡರು. ಶಿಷ್ಯ ಜಿನಸೇನರು ಇನ್ನೂ ನಲವತ್ತು ಸಾವಿರ ಬರೆದು 837ರಲ್ಲಿ ಮುಗಿಸಿದರು. ಗುರುವಿನದರ ಎರಡರಷ್ಟು. ಆಮೇಲೆ ತಮ್ಮದೇ ಮಹಾಪುರಾಣಕ್ಕೆ ಕೈಹಾಕಿ, ಅದರ ಮೊದಲ ಭಾಗವಾದ ಆದಿಪುರಾಣದ ಕೊನೆಯ ಕೆಲವು ಪರ್ವ ಬಾಕಿಯಿರುವಾಗ ತಾವೂ ಹೊರಟುಹೋದರು. ಅದನ್ನು ಮುಗಿಸಿ ಉತ್ತರಪುರಾಣ ಬರೆದದ್ದು ಅವರ ಶಿಷ್ಯ ಗುಣಭದ್ರರು. ಸಿರ್ಸಿಯಿಂದ ಹಾವೇರಿಯ ಕಡೆ ಹೊರಟರೆ ದೂರವೇನೂ ಅಲ್ಲದ ಬಂಕಾಪುರಕ್ಕೂ ಆ ಗ್ರಂಥಕ್ಕೂ ನಂಟಿದೆ. ಇನ್ನೊಬ್ಬರದನ್ನು ಮುಗಿಸಿದವರದನ್ನು ಮತ್ತೊಬ್ಬರು ಮುಗಿಸಿದರು. ನಡುವೆ ಯಾರೂ ‘ನನಗೆ ಮೊದಲೇ ಹೇಳಲಿಲ್ಲ’ ಎಂದು ಬರೆದಿಟ್ಟಂತಿಲ್ಲ.

ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಬರೆದ. ಮೊದಲಿನ ಹತ್ತನ್ನು ಗಮಕಿಗಳು ಊರೂರಲ್ಲಿ ಹಾಡುತ್ತಾರೆ. ತಿಮ್ಮಣ್ಣ ಪರೀಕ್ಷೆಗೆ ಓದುವವರ ಪಾಲಿಗೆ ಉಳಿದ. ಅನ್ಯಾಯವೆಂದು ನನಗನ್ನಿಸುವುದಿಲ್ಲ, ಒಪ್ಪಿಕೊಂಡಾಗ ಅವನಿಗೆ ಇದು ಗೊತ್ತಿದ್ದಿರಬೇಕು.

*

ಇಡೀ ರಾತ್ರಿಯ ಯಕ್ಷಗಾನದ ಆಟದಲ್ಲಿ ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಳ್ಳುವುದುಂಟು. ನಡುರಾತ್ರಿಯವರೆಗೆ ಒಬ್ಬ ಕೃಷ್ಣ, ಬೆಳಗಿನ ಜಾವಕ್ಕೆ ಇನ್ನೊಬ್ಬ. ಎತ್ತರ ಬೇರೆ, ಸ್ವರ ಬೇರೆ. ‘ಇವನ್ಯಾರು’ ಎಂದು ಯಾರೂ ಕೇಳುವುದಿಲ್ಲ. ಚಹದಂಗಡಿಯ ಮುಂದೆ ಹೋಲಿಸುವುದನ್ನು ಮಾತ್ರ ಯಾರೂ ಬಿಡುವುದಿಲ್ಲ.

*

ಕಾಮಿಕ್ಸ್ ಬರೆಯುವವನು ಆಟದಲ್ಲಿ ನೋಡಬೇಕಾದ್ದು ರಾಜವೇಷದವರನ್ನಲ್ಲ, ಹಾಸ್ಯಗಾರನನ್ನು. ಅವನಿಗೆ ಪದ್ಯದ ಆಸರೆಯೂ ಕಡಿಮೆ. ಒಂದೇ ರಾತ್ರಿಯಲ್ಲಿ ದೂತ, ಜೋಯಿಸ, ಮುದುಕಿ, ಕಾವಲಿನವ ಎಂದು ವೇಷ ಬದಲಿಸುತ್ತ, ಪ್ರತಿಸಲವೂ ಹೆಜ್ಜೆಯಲ್ಲೇ ಯಾರೆಂದು ತಿಳಿಸಿಬಿಡಬೇಕು. ಮಾತು ಆಮೇಲೆ. ಜನ ಇನ್ನೂ ನಗುತ್ತಿರುವಾಗಲೇ ವೇಷ ಕಟ್ಟುವ ಚೌಕಿಗೆ ಮರಳಬೇಕು. ಎದುರಿನ ರಾಜನ ಗಾಂಭೀರ್ಯವನ್ನು ಕೆಣಕಬೇಕು, ಕೆಡಿಸಬಾರದು. ನಾಲ್ಕು ಚೌಕದ ಪುಟಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಪುಸ್ತಕದಲ್ಲಿ ಸಿಕ್ಕದು.

*

ನೋಟಿಸಿಲ್ಲದೆ ಬಂದ ಕೆಲಸಕ್ಕೆ ಊರಿನ ಪಂಚಾಂಗ ಸಹಾಯ ಮಾಡುವುದಿಲ್ಲ. ಆಷಾಢದ ಮಳೆಯಲ್ಲಿ ಕರೆಂಟು ಹೋದರೆ ಬರುವ ದಿನ ಹೇಳಲಾಗದು. ಅಡಿಕೆಯ ಕೊನೆಕೊಯ್ಲಿಗೆ ಕೊನೆಗೌಡ ಸಿಕ್ಕ ದಿನವೇ ಪತ್ರಿಕೆಯ ಕೊನೆಯ ದಿನವೂ ಆಗಿರುತ್ತದೆ. ನೆಟ್‌ವರ್ಕ್ ಇರುವ ತಿರುವಿನಲ್ಲಿ ಬೈಕು ನಿಲ್ಲಿಸಿ, ಕೊಡೆ ಹಿಡಿದು, ಚಿತ್ರಕಾರರಿಗೆ ನಾಲ್ಕು ಚೌಕ ಕಳುಹಿಸಿದ ಮೇಲೆ ‘ಕಳುಹಿಸಲಾಗಲಿಲ್ಲ’ ಎಂಬ ಕೆಂಪು ಗುರುತು. ಸಂಪಾದಕರಿಗೆ ಇದನ್ನೆಲ್ಲ ವಿವರಿಸಬಾರದು. ಹಿಂದಿನವರು ವಿವರಿಸಿದ್ದರೆಂದೇ ಅವರಿಗೆ ನಂಬಿಕೆ ಹೋಗಿರುತ್ತದೆ.

*

ಸಂಭಾವನೆಯ ವಿಷಯವನ್ನು ಯಾರೂ ಹೇಳದಿದ್ದರೆ ಹಿಂದಿನವರಿಗೆ ಎಷ್ಟಿತ್ತೋ ಅದಕ್ಕಿಂತ ಕಡಿಮೆ ಎಂದು ತಿಳಿಯಬಹುದು.

*

ಇನ್ನೊಬ್ಬರ ಪಾತ್ರದ ಬಾಯಿಂದ ನಮ್ಮ ಅಭಿಪ್ರಾಯ ಹೇಳಿಸುವ ಆಸೆ ಬೇಗ ಹುಟ್ಟುತ್ತದೆ. ಅಜ್ಜ ಒಂದು ದಿನ ಇದ್ದಕ್ಕಿದ್ದಂತೆ ಪರಿಸರದ ಬಗ್ಗೆ ಭಾಷಣ ಮಾಡಿದರೆ ಚಿತ್ರಕಾರರು ಅವನ ಮುಖವನ್ನು ಆಚೆಗೆ ತಿರುಗಿಸಿ ಬರೆಯುತ್ತಾರೆ. ಪಾಪ, ಅಜ್ಜನಿಗೂ ನಾಚಿಕೆ.

*

ಹಿಂದಿನವರ ಶೈಲಿಯನ್ನು ಅನುಕರಿಸಿದರೆ ಕಳ್ಳ, ಬಿಟ್ಟರೆ ಕೃತಘ್ನ. ಇಬ್ಬರಲ್ಲಿ ಕಳ್ಳನಾಗುವುದು ಮೇಲು. ಕದ್ದದ್ದು ದಿನ ಹೋದಂತೆ ಸವೆದು ನಮ್ಮ ಕೈಯ ಅಳತೆಗೆ ಬರುತ್ತದೆ.

*

ಬಾಕಿ ಉಳಿದ ಎಳೆಗಳಲ್ಲಿ ಎಲ್ಲಕ್ಕಿಂತ ತ್ರಾಸಿನದು ಮಾವನದು. ಬಹಳ ಹಿಂದಿನ ಕಂತೊಂದರಲ್ಲಿ ಅವನು ಅಡಿಕೆ ಚೀಲದೊಂದಿಗೆ ಸಿರ್ಸಿ ಪೇಟೆಗೆ ಹೋದವನು ಇನ್ನೂ ಬಂದಿಲ್ಲ. ಹಿಂದಿನವರು ಮರೆತರೋ, ಏನಾದರೂ ಯೋಚನೆ ಇತ್ತೋ, ಕೇಳುವ ಹಾಗಿಲ್ಲ. ಶಾಲೆಯ ಮಕ್ಕಳು ಸಿಕ್ಕಲ್ಲೆಲ್ಲ ಕೇಳುತ್ತಾರೆ. ಅಂತೂ ಈ ಸಲ ಕರೆಸಿಬಿಡೋಣವೆಂದು ಬಸ್ಸಿನಿಂದ ಇಳಿಯುವ ಚೌಕ ಬರೆದು ಕಳಿಸಿದರೆ ಚಿತ್ರಕಾರರಿಂದ ಒಂದೇ ಸಾಲಿನ ಉತ್ತರ. ಹಳೆಯ ಕಂತಿನಲ್ಲಿ ಮಾವ ಬೆನ್ನು ಹಾಕಿ ಹೋಗುವುದನ್ನಷ್ಟೇ ಬರೆದಿದ್ದಂತೆ, ತಲೆಯ ಮೇಲೆ ಚೀಲ ಬೇರೆ ಇತ್ತಂತೆ. ಮೀಸೆ ಇದೆಯೋ ಇಲ್ಲವೋ, ಶನಿವಾರದೊಳಗೆ ತಿಳಿಸಬೇಕಂತೆ.